ಹಿನ್ನೀರಿನ ನಡುವೆ ಐದು ನಿಮಿಷ ಎಂಜಿನ್ ನಿಲ್ಲಿಸಿ

ಮಾನ್ಯ ಸಂಪಾದಕರೇ,

ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾದ ಮೇಲೆ ನಮ್ಮ ಹೊಳೆಬಾಗಿಲಿನ ಲಾಂಚಿಗೆ ಮೊದಲಿನ ಕೆಲಸ ಇಲ್ಲ. ಸಿಗಂದೂರಿಗೆ ಹೋಗುವ ಭಕ್ತರು, ತುಮರಿ ಕಡೆಯಿಂದ ಸಾಗರಕ್ಕೆ ಓದಲು ಬರುವ ಮಕ್ಕಳು, ಹೆರಿಗೆ ನೋವಿನ ಹೆಂಗಸರು, ಎಲ್ಲರೂ ಈಗ 2.44 ಕಿ.ಮೀ. ಸೇತುವೆಯ ಮೇಲೆ ಐದು ನಿಮಿಷದೊಳಗೆ ಹೊಳೆ ದಾಟುತ್ತಾರೆ. ಅರವತ್ತು ವರ್ಷ ಕಾದು ಪಡೆದ ಸೇತುವೆ ಅದು. ಮೊದಲ ಸಲ ಅದರ ಮೇಲೆ ಹೋದಾಗ ನಾನು ಕಾರು ನಿಧಾನ ಮಾಡಿಸಿ ಎರಡೂ ಕಡೆ ನೋಡಿದೆ, ಕಣ್ಣು ಮಂಜಾಯಿತು. ಇನ್ನು ಆ ಲಾಂಚುಗಳನ್ನು ಪ್ರವಾಸಿಗರ ವಿಹಾರಕ್ಕೆ ಬಿಡಬೇಕು ಎಂಬ ಮಾತು ಕೇಳಿಬರುತ್ತಿದೆ. ಖಂಡಿತ ಬಿಡಲಿ. ಆದರೆ ಹೇಗೆ ಬಿಡಬೇಕು ಎಂಬುದರ ಬಗ್ಗೆ ನನ್ನದೊಂದು ಕೋರಿಕೆ ಇದೆ. ಈ ಫೆಬ್ರವರಿಯಲ್ಲಿ ದೂರದ ಒಂದು ನೀರಿನ ಮೇಲೆ ಒಂದು ಹಗಲು ಕಳೆದು ಬಂದಾಗಿನಿಂದ ಅದು ನನ್ನನ್ನು ಬಿಡದೆ ಕಾಡುತ್ತಿದೆ. ಪತ್ರ ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಪ್ರಕಟಿಸಿ.

ನಾನು ಮುಳುಗಡೆಯವಳು. ಶರಾವತಿ ಕೊಳ್ಳದ ಎಂಟು ಮನೆಯ ಒಂದು ಕೇರಿಯಲ್ಲಿ ಹುಟ್ಟಿದವಳು. ಊರವರ ಬಾಯಲ್ಲಿ ಅದು ಕೆಳಗಿನಕೇರಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದಕ್ಕೆ ಒಂದು ವರ್ಷ ಮೊದಲೇ ನಾವು ಲಾರಿ ಹತ್ತಿದ್ದೆವು. ನನಗಾಗ ಒಂಬತ್ತು. ಅಪ್ಪಯ್ಯ ಹೆಂಚು ಇಳಿಸಿ, ತೊಲೆ–ಕಂಬ ಬಿಚ್ಚಿ, ಬಾಗಿಲ ಚೌಕಟ್ಟನ್ನೂ ಕಿತ್ತು ಲಾರಿಗೆ ಹಾಕಿಸಿದರು. ಒರಳುಕಲ್ಲು ಮಾತ್ರ ಹಿತ್ತಲಲ್ಲೇ ಉಳಿಯಿತು. ಹೊಳೆದಡದಲ್ಲಿ ನಮ್ಮದೊಂದು ಅಪ್ಪೆಮಿಡಿ ಮರವಿತ್ತು. ಮಿಡಿಯ ತೊಟ್ಟು ಮುರಿದರೆ ಬರುವ ಸೊನೆಯ ಪರಿಮಳ ಜಗಲಿಯವರೆಗೆ ಬರುತ್ತಿತ್ತು. ಆಮೇಲೆ ಎಷ್ಟು ಕಡೆಯಿಂದ ಮಿಡಿ ತರಿಸಿ ಉಪ್ಪಿಗೆ ಹಾಕಿದರೂ ಅಮ್ಮ ಜಾಡಿಯ ಬಾಯಿ ತೆರೆದು ಮೂಸಿ, "ಅದಲ್ಲ ಇದು" ಎಂದು ಮುಚ್ಚುತ್ತಿದ್ದರು. ಅವರು ತೀರಿಕೊಳ್ಳುವವರೆಗೂ ಅದೇ ಮಾತು.

ಮುಂದೆ ನಾನು ಓದಿ, ಮೇಷ್ಟರ ಕೆಲಸ ಹಿಡಿದು, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದೆ. ಭೂಗೋಳದ ಪಾಠದಲ್ಲಿ ಫಿಯಾರ್ಡ್ ಬರುತ್ತದೆ. ನಾರ್ವೆಯ ನಕ್ಷೆ ತೂಗುಹಾಕಿ, ಹರಿದ ಸೀರೆಯ ಅಂಚಿನಂತೆ ಕಾಣುವ ಕರಾವಳಿಯನ್ನು ಕಡ್ಡಿಯಲ್ಲಿ ತೋರಿಸಿ, "ಹಿಮನದಿ ಕೊರೆದ ಕಣಿವೆಗೆ ಸಮುದ್ರ ನುಗ್ಗಿದರೆ ಫಿಯಾರ್ಡ್" ಎಂದು ಪ್ರತಿವರ್ಷ ಬರೆಸುತ್ತಿದ್ದೆ. ಒಂದನ್ನಾದರೂ ಕಣ್ಣಾರೆ ನೋಡುತ್ತೇನೆ ಎಂದುಕೊಂಡಿರಲಿಲ್ಲ. ಮಗಳು–ಅಳಿಯ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ತುತ್ತತುದಿಯ ಇನ್ವರ್ಕಾರ್ಗಿಲ್ ಊರಲ್ಲಿದ್ದಾರೆ. ಅಲ್ಲಿಗೆ ಹೋಗಿದ್ದಾಗ ಅವರು ನನ್ನನ್ನು ಡೌಟ್‌ಫುಲ್ ಸೌಂಡ್ ಎಂಬ ಫಿಯಾರ್ಡಿಗೆ ಕರೆದುಕೊಂಡು ಹೋದರು. ಎಲ್ಲರೂ ಮಿಲ್ಫರ್ಡ್ ಸೌಂಡಿಗೆ ಹೋಗುವುದು ಹೆಚ್ಚು, ಅದರ ಫೋಟೋವನ್ನು ನಿಮ್ಮ ಓದುಗರೂ ಕ್ಯಾಲೆಂಡರಿನಲ್ಲಿ ನೋಡಿರಬಹುದು. ಅಳಿಯ ಮಾತ್ರ, "ಅತ್ತೆ, ನೀವು ನೋಡಬೇಕಾದದ್ದು ಇನ್ನೊಂದು" ಎಂದರು. ಯಾಕೆಂದು ಆಗ ಹೇಳಲಿಲ್ಲ.

ಅಲ್ಲಿಗೆ ಹೋಗುವ ದಾರಿಯೇ ಹಿನ್ನೀರಿನಾಚೆಯ ನಮ್ಮ ಕರೂರು ಸೀಮೆಯ ಹಳೆಯ ಕಾಲದಂತಿದೆ. ಬೆಳಿಗ್ಗೆ ಮಾನಪೌರಿ ಎಂಬ ಪುಟ್ಟ ಊರಿನ ಪರ್ಲ್ ಹಾರ್ಬರ್ ಎನ್ನುವ ಕಟ್ಟೆಯಲ್ಲಿ ಒಂದು ಬೋಟು ಹತ್ತಬೇಕು. ಅದು ಸರೋವರ ದಾಟಿಸುತ್ತದೆ, ಸುಮಾರು ಒಂದು ಗಂಟೆ. ಆಚೆ ದಡದಲ್ಲಿ ಬಸ್ಸು ಕಾದಿರುತ್ತದೆ. ಅದು 22 ಕಿ.ಮೀ. ಮಣ್ಣುರಸ್ತೆಯಲ್ಲಿ ವಿಲ್ಮಟ್ ಪಾಸ್ ಎಂಬ 671 ಮೀಟರ್ ಎತ್ತರದ ಘಟ್ಟ ಹತ್ತಿ ಇಳಿಯುತ್ತದೆ. ಆ ರಸ್ತೆಗೆ ದೇಶದ ಬೇರೆ ಯಾವ ರಸ್ತೆಯೂ ಕೂಡುವುದಿಲ್ಲ, ಎರಡೂ ತುದಿ ನೀರಿಗೇ ಮುಗಿಯುತ್ತದೆ. ಘಟ್ಟ ಇಳಿದರೆ ಡೀಪ್ ಕೋವ್. ಅಲ್ಲಿ ಇನ್ನೊಂದು ಬೋಟು. ಬೋಟು, ಬಸ್ಸು, ಮತ್ತೆ ಬೋಟು! ಹೊಳೆಬಾಗಿಲಿನವರೆಗೆ ಒಂದು ಬಸ್ಸು, ಲಾಂಚು, ಆಚೆ ದಡದಲ್ಲಿ ಮತ್ತೊಂದು ಬಸ್ಸು ಎಂದು ಚೀಲ ಹೊತ್ತು ಓಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಘಟ್ಟದ ತಿರುವುಗಳಲ್ಲಿ ಪಾಚಿ ಹತ್ತಿದ ಮರಗಳು, ತೊಟ್ಟಿಕ್ಕುವ ಜರಿಗಿಡಗಳು, ದರೆಯಿಂದ ಸುರಿಯುವ ನೀರು. ಕಣ್ಣು ಮುಚ್ಚಿ ಉಸಿರೆಳೆದರೆ ಶ್ರಾವಣದ ಹುಲಿಕಲ್ ಘಾಟಿಯ ಒದ್ದೆ ಮಣ್ಣಿನದೇ ವಾಸನೆ. ಆ ಸೀಮೆಯ ಮಳೆಯೂ ನಮ್ಮ ಜಾತಿಯದೇ. ಮಿಲ್ಫರ್ಡಿನಲ್ಲಿ ವರ್ಷಕ್ಕೆ 6 ಮೀಟರಿಗೂ ಮಿಕ್ಕಿ ಸುರಿಯುತ್ತದೆ. ನಮ್ಮ ಆಗುಂಬೆಯಲ್ಲಿ 7 ಮೀಟರಿಗೂ ಹೆಚ್ಚು. ಆದರೆ ನಮ್ಮದು ನಾಲ್ಕು ತಿಂಗಳಲ್ಲಿ ಹೊಯ್ದು ಹೋಗುತ್ತದೆ, ಅವರದು ವರ್ಷವಿಡೀ.

ಅಂದು ಸಹ ಮಳೆಯೇ. ಮಗಳು ಪೆಚ್ಚಾದಳು. ಬೋಟಿನಲ್ಲಿ ಮೈಕ್ ಹಿಡಿದು ವಿವರಣೆ ಹೇಳುತ್ತಿದ್ದ ಹೆಣ್ಣುಮಗಳು ಮಾತ್ರ, "ನಿಮ್ಮ ಪುಣ್ಯ, ಇವತ್ತು ಬೆಟ್ಟ ಎಲ್ಲ ಹರಿಯುತ್ತದೆ" ಎಂದಳು. ಹಾಗೇ ಆಯಿತು. ಎರಡೂ ಬದಿಗೆ ನೀರಿನಿಂದ ಸೀದಾ ಎದ್ದ ಕಪ್ಪು ಬಂಡೆಯ ಗೋಡೆ, ಅದರ ತುದಿ ಮೋಡದಲ್ಲಿ. ಮೋಡದೊಳಗಿಂದ ಬಿಳಿ ದಾರಗಳಂತೆ ಲೆಕ್ಕವಿಲ್ಲದಷ್ಟು ಜಲಧಾರೆ. ಫಿಯಾರ್ಡಿನ ಉದ್ದ ಸುಮಾರು 40 ಕಿ.ಮೀ.; ಆಳ 400 ಮೀಟರಿಗೂ ಹೆಚ್ಚು. ಜೋಗದ ರಾಜನನ್ನು ನಿಲ್ಲಿಸಿ, ಅದರ ತಲೆಯ ಮೇಲೆ ಇನ್ನೂ ಅರ್ಧ ಜೋಗ ನಿಲ್ಲಿಸಿದರೂ ಮುಳುಗಿಹೋಗುತ್ತದೆ.

ಆಕೆ ಹೇಳಿದ ಸಂಗತಿಗಳಲ್ಲಿ ಕೆಲವನ್ನು ಇಲ್ಲಿ ಬರೆಯಲೇಬೇಕು. ಹೆಸರಿನಲ್ಲಿ ಸೌಂಡ್ ಎಂದಿದ್ದರೂ ಅದು ಫಿಯಾರ್ಡೇ. ಸೌಂಡ್ ಎಂದರೆ ನದಿ ಕೊರೆದ ಕಣಿವೆ ಮುಳುಗಿದ್ದು, ಫಿಯಾರ್ಡ್ ಎಂದರೆ ಹಿಮ ಕೊರೆದ ಕಣಿವೆ ಮುಳುಗಿದ್ದು. 1770ರಲ್ಲಿ ಕ್ಯಾಪ್ಟನ್ ಕುಕ್ ಹಡಗಿನಲ್ಲಿ ಅದರ ಬಾಯಿಯವರೆಗೆ ಬಂದ. ಒಳಗೆ ಹೋದರೆ ಹೊರಬರಲು ಗಾಳಿ ಸಿಕ್ಕೀತೋ ಇಲ್ಲವೋ ಎಂದು ಅನುಮಾನಪಟ್ಟು ಹಾಗೇ ಮುಂದೆ ಹೋದ. ಡೌಟ್‌ಫುಲ್ ಎಂಬ ಹೆಸರು ಬಂದದ್ದು ಹಾಗೆ. ಅಲ್ಲಿನ ಮೂಲನಿವಾಸಿಗಳಾದ ಮಾವೋರಿಗಳು ಅದನ್ನು ಪಾಟೇಯಾ ಎನ್ನುತ್ತಾರೆ. ಮೌನದ ಜಾಗ ಎಂದು ಅದಕ್ಕೆ ಅರ್ಥ ಹೇಳುತ್ತಾರೆ. ತೂ ತೆ ರಾಕಿ ಫಾನೋವಾ ಎಂಬ ದೇವತೆ ಬಾಚಿ ಹಿಡಿದು ದಕ್ಷಿಣದ ತುದಿಯಿಂದ ಒಂದೊಂದೇ ಕಣಿವೆ ಕೆತ್ತುತ್ತ ಬಂದನಂತೆ. ಮೊದಮೊದಲು ಕೈ ಪಳಗದೆ ಒರಟೊರಟಾಗಿ ದ್ವೀಪಗಳು ಉಳಿದುಬಿಟ್ಟವು, ಬರುಬರುತ್ತ ಕೈ ಕುದುರಿ ಕಟ್ಟಕಡೆಗೆ ಮಿಲ್ಫರ್ಡನ್ನು ಚೆಂದವಾಗಿ ಕೆತ್ತಿದ. ಕೆತ್ತನೆ ನೋಡಲು ಬಂದ ಹಿನೆ ನೂಯಿ ತೆ ಪೋ ಎಂಬ ದೇವಿಗೆ, ಇಷ್ಟು ಚೆಂದದ ಜಾಗಕ್ಕೆ ಬಂದ ಮನುಷ್ಯ ಇಲ್ಲೇ ತಳವೂರಿ ಹಾಳುಮಾಡಿಯಾನು ಎಂದು ಹೆದರಿಕೆಯಾಗಿ, ಕಚ್ಚುವ ನೊರಜನ್ನು ಸೃಷ್ಟಿಸಿ ಬಿಟ್ಟಳಂತೆ. ಆ ನೊರಜು ಈಗಲೂ ಡೀಪ್ ಕೋವಿನಲ್ಲಿ ಮುತ್ತುತ್ತದೆ, ನನ್ನ ಕಾಲಿನ ಗಾಯ ಮಾಯಲು ಎರಡು ವಾರ ಹಿಡಿಯಿತು. ನಮ್ಮ ಕಾಡಿನ ಇಂಬಳದ ಬಗ್ಗೆ ಅಜ್ಜಿ ಹೇಳುತ್ತಿದ್ದುದೂ ಇದೇ: ಅದು ಕಾಡಿನ ಕಾವಲಿಗೆ ಇರುವುದು, ಬೈಯಬೇಡ.

ಒಂದು ಕಡೆ ಬೋಟನ್ನು ಬಂಡೆಯ ತೀರಾ ಹತ್ತಿರಕ್ಕೆ, ಕೈಚಾಚಿದರೆ ಮುಟ್ಟುವಷ್ಟು ಹತ್ತಿರಕ್ಕೆ ತಂದು ನಿಲ್ಲಿಸಿದರು. ಆ ಬಂಡೆಯ ಮೇಲೆ ಹಿಡಿ ಮಣ್ಣಿಲ್ಲ. ಆದರೂ ಮೈತುಂಬ ಮರ. ಅದು ಹೇಗೆಂದರೆ, ಮೊದಲು ಕಲ್ಲುಹೂವು ಹತ್ತುತ್ತದೆ, ಅದರ ಮೇಲೆ ಪಾಚಿ, ಪಾಚಿಯ ಒದ್ದೆಯಲ್ಲಿ ಜರಿ, ಆಮೇಲೆ ಗಿಡ, ಕೊನೆಗೆ ಮರ. ಬೇರು ಬಂಡೆಯೊಳಕ್ಕೆ ಇಳಿಯುವುದಿಲ್ಲ. ಬುಟ್ಟಿ ಹೆಣೆದ ಹಾಗೆ ಒಂದು ಮರದ ಬೇರು ಇನ್ನೊಂದರ ಬೇರನ್ನು, ಅದು ಮತ್ತೊಂದರ ಬೇರನ್ನು ತಬ್ಬಿಕೊಂಡು ಬಂಡೆಯ ಮೇಲೆ ಹಾಸಿಕೊಂಡಿರುತ್ತದೆ. ನಾನು ನೋಡಿದ ಒಂದು ಬೇರು ನನ್ನ ಕಿರುಬೆರಳಿನಷ್ಟಿತ್ತು. ಅದು ಹೊತ್ತ ಮರ ನಮ್ಮ ಮನೆಯ ಮುಂದಿನ ಹಲಸಿಗಿಂತ ಎತ್ತರ. ಮಳೆ ವಿಪರೀತವಾದಾಗ ಮೇಲಿನ ಒಂದು ಮರ ಕೈಬಿಟ್ಟರೆ ಕೆಳಗಿನದನ್ನೂ ಎಳೆದುಕೊಂಡು, ಇಡೀ ಸಾಲು ನೀರಿಗೆ ಜಾರುತ್ತದೆ. ಪಕ್ಕದಲ್ಲೇ ಅಂಥ ಒಂದು ಜಾರು ಕಂಡಿತು, ಮೇಲಿನಿಂದ ಕೆಳಗಿನವರೆಗೆ ಬೋಳು ಬಂಡೆಯ ಪಟ್ಟಿ. ಅಲ್ಲಿ ಮತ್ತೆ ಕಲ್ಲುಹೂವಿನಿಂದ ಶುರುವಾಗಿ ಕಾಡು ಮುಚ್ಚಲು ನೂರು ವರ್ಷದ ಲೆಕ್ಕ. ನಮ್ಮಲ್ಲಿ ಮಳೆಗಾಲದಲ್ಲಿ ದರೆ ಕುಸಿದ ಸುದ್ದಿ ಬಂದಾಗಲೆಲ್ಲ ಈಗ ಆ ಬೇರು ನೆನಪಾಗುತ್ತದೆ. ಗುಡ್ಡದ ಬುಡವನ್ನು ಯಂತ್ರ ಹಾಕಿ ಕಡಿದ ಮೇಲೆ ಮೇಲಿನ ಮರ ಯಾರನ್ನು ಹಿಡಿದುಕೊಳ್ಳಬೇಕು?

ನೀರಿನ ಬಣ್ಣವೂ ಬೇರೆ, ಸೋಸಿದ ಕಷಾಯದಂತೆ. ಕಾಡಿನ ತರಗೆಲೆಯ ರಸ ಇಳಿದ ಮಳೆನೀರು ಸಮುದ್ರದ ಉಪ್ಪುನೀರಿಗಿಂತ ಹಗುರವಾದ್ದರಿಂದ ಮೇಲೆ ಪದರವಾಗಿ ತೇಲುತ್ತದೆ, ಕೆಳಗೆ ಬೆಳಕು ಬಿಡುವುದಿಲ್ಲ. ಹಾಗಾಗಿ ಬೇರೆಡೆ ಆಳದ ಕತ್ತಲಲ್ಲಿ ಬೆಳೆಯುವ ಕಪ್ಪು ಹವಳ ಅಲ್ಲಿ ಹತ್ತು–ಹದಿನೈದು ಮೀಟರಿನಲ್ಲೇ ಬೆಳೆಯುತ್ತದಂತೆ. ಡಾಲ್ಫಿನ್ ನಮಗೆ ಕಾಣಲಿಲ್ಲ. ಅವುಗಳ ಹಿಂಡು ಅಲ್ಲೇ ವಾಸ, ಆದರೆ ಅವು ವಿಶ್ರಮಿಸುವ ಕೆಲವು ಜಾಗಗಳಿಗೆ ಬೋಟು ಹೋಗುವುದಿಲ್ಲ. "ಹುಡುಕಿಕೊಂಡು ಹೋಗುವುದಿಲ್ಲ, ಅವಾಗಿ ಬಂದರೆ ನೋಡೋಣ" ಎಂದಳು. ಸಮುದ್ರ ಸೇರುವ ಕಡೆ ಬಂಡೆಗಳ ಮೇಲೆ ಸೀಲುಗಳು ಗದ್ದೆಬದುವಿನ ಎಮ್ಮೆಗಳಂತೆ ಒರಗಿದ್ದವು.

ಇಷ್ಟಾಗುವಾಗ ಅಳಿಯ ನನ್ನ ಮುಖವನ್ನೇ ನೋಡುತ್ತಿದ್ದರು. ನನಗೆ ವಿಷಯ ಗೊತ್ತಾದದ್ದು ಬೋಟು ವಾಪಸು ತಿರುಗಿದ ಮೇಲೆ, ಆ ಹೆಣ್ಣುಮಗಳು ಬೆಳಿಗ್ಗೆ ದಾಟಿ ಬಂದ ಸರೋವರದ ಕಥೆ ತೆಗೆದಾಗ.

ಮಾನಪೌರಿ ಸರೋವರ ಸಮುದ್ರಮಟ್ಟಕ್ಕಿಂತ 178 ಮೀಟರ್ ಎತ್ತರದಲ್ಲಿದೆ. ಅದರ ನೀರನ್ನು ಬೆಟ್ಟದ ಹೊಟ್ಟೆಯೊಳಗೆ ಇಳಿಸಿ, ನೆಲದಡಿಯ ವಿದ್ಯುದಾಗಾರದಲ್ಲಿ ಟರ್ಬೈನ್ ತಿರುಗಿಸಿ, ಸುಮಾರು 10 ಕಿ.ಮೀ. ಸುರಂಗದ ಮೂಲಕ ಡೀಪ್ ಕೋವಿಗೆ, ಅಂದರೆ ಇದೇ ಫಿಯಾರ್ಡಿಗೆ ಬಿಡುತ್ತಾರೆ. ನಾವು ಬಂದ ಘಟ್ಟದ ರಸ್ತೆಯನ್ನು 1963ರಿಂದ 65ರ ನಡುವೆ ಕಡಿದದ್ದೇ ಆ ಯಂತ್ರಗಳನ್ನು ಸಾಗಿಸಲು. ಸುರಂಗ ಕೊರೆಯುವ ಕೆಲಸಗಾರರಿಗೆ ಮನೆ ಇರಲಿಲ್ಲ. ವಂಗನೆಲ್ಲಾ ಎಂಬ ಹಳೆಯ ಪ್ರಯಾಣಿಕ ಹಡಗನ್ನೇ ತಂದು ಡೀಪ್ ಕೋವಿನಲ್ಲಿ ಕಟ್ಟಿ ಅದನ್ನೇ ವಸತಿಗೃಹ ಮಾಡಿದ್ದರು. ವಿವರಣೆ ಹೇಳುತ್ತಿದ್ದವಳ ಅಜ್ಜ ಆ ಹಡಗಿನಲ್ಲಿ ಇದ್ದು ದುಡಿದವರಂತೆ. ವಿದ್ಯುತ್ತು ಹೋಗುವುದು ಮುಖ್ಯವಾಗಿ ಬ್ಲಫ್ ಹತ್ತಿರದ ಟಿವಾಯಿ ಪಾಯಿಂಟಿನ ಅಲ್ಯುಮಿನಿಯಂ ಕಾರ್ಖಾನೆಗೆ. ಮಗಳ ಊರಿನ ಸಮುದ್ರತೀರದಿಂದ ಅದರ ಚಿಮಣಿಯನ್ನು ನಾನೇ ನೋಡಿದ್ದೆ, ಯಾವುದೆಂದು ಕೇಳಿರಲಿಲ್ಲ.

1963–64! ನಮ್ಮ ಲಾರಿ ಕೆಳಗಿನಕೇರಿಯಿಂದ ಹೊರಟ ಅದೇ ದಿನಗಳು. ಭೂಮಿಯ ಎರಡು ಕಡೆ, ಒಂದೇ ಬಗೆಯ ಮಳೆಗಾಡು, ಒಂದೇ ಬಗೆಯ ಕೆಲಸ. ಶರಾವತಿಯ ನೀರು ಲಿಂಗನಮಕ್ಕಿಯಿಂದ ತಳಕಳಲೆ ಜಲಾಶಯಕ್ಕೆ ಹೋಗಿ, ಕೊಳವೆಗಳಲ್ಲಿ ಇಳಿದು, 1,035 ಮೆಗಾವಾಟಿನ ಶರಾವತಿ ವಿದ್ಯುದಾಗಾರ ತಿರುಗಿಸಿ, ಗೇರುಸೊಪ್ಪೆ ದಾಟಿ ಹೊನ್ನಾವರದಲ್ಲಿ ಕಡಲು ಸೇರುತ್ತದೆ.

ಆದರೆ ಅಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ಮೂಲ ಯೋಜನೆಯಲ್ಲಿ ಮಾನಪೌರಿಯ ನೀರಿನ ಮಟ್ಟವನ್ನು 30 ಮೀಟರ್‌ವರೆಗೂ ಏರಿಸುವ ಲೆಕ್ಕವಿತ್ತು. ಏರಿಸಿದ್ದರೆ ಸರೋವರದ ದಡದ ಕಾಡು, ಒಳಗಿನ ನಡುಗಡ್ಡೆಗಳು ಮುಳುಗುತ್ತಿದ್ದವು. ಜನ ಬೇಡವೆಂದರು. ಮನೆಮನೆಗೆ ಅರ್ಜಿ ಹಿಡಿದು ಹೋದರು. 1970ರಲ್ಲಿ ಸಂಸತ್ತಿಗೆ ಕೊಟ್ಟ ಅರ್ಜಿಯಲ್ಲಿ 2,64,907 ಸಹಿ ಇದ್ದವು, ಅಂದಿನ ಆ ದೇಶದ ಜನಸಂಖ್ಯೆಯಲ್ಲಿ ಹತ್ತರಲ್ಲೊಂದು ಪಾಲು. 1972ರ ಚುನಾವಣೆಯಲ್ಲಿ ಅದೇ ಒಂದು ದೊಡ್ಡ ವಿಷಯವಾಗಿ ಸರ್ಕಾರ ಬದಲಾಯಿತು. ಮರುವರ್ಷ ಹೊಸ ಸರ್ಕಾರ, ಸರೋವರದ ಮಟ್ಟದ ಮೇಲೆ ಕಣ್ಣಿಡಲು ಕಾವಲುಗಾರರ ಒಂದು ಮಂಡಳಿ ಮಾಡಿತು. ವಿದ್ಯುದಾಗಾರ ಇಂದಿಗೂ ನಡೆಯುತ್ತಿದೆ, ಆ ದೇಶದ ಜಲವಿದ್ಯುತ್ ಕೇಂದ್ರಗಳಲ್ಲಿ ಅದೇ ದೊಡ್ಡದು. ದಡದ ಕಾಡೂ ಇದೆ. ಬೆಳಿಗ್ಗೆ ಅದರ ನೆರಳು ನೀರಿನಲ್ಲಿ ಬಿದ್ದದ್ದನ್ನು ನೋಡಿ ನಾನು ಫೋಟೋ ತೆಗೆದಿದ್ದೆ. "ನನ್ನ ಅಜ್ಜ ಸುರಂಗ ಕೊರೆದರು, ನನ್ನ ಅಜ್ಜಿ ಆ ಅರ್ಜಿಗೆ ಸಹಿ ಹಾಕಿದರು, ಇಬ್ಬರೂ ಒಂದೇ ಮೇಜಿನಲ್ಲಿ ಊಟ ಮಾಡಿದರು" ಎಂದಳು ಆಕೆ.

ನಾನು ಯಾರನ್ನೂ ದೂರಲು ಇದನ್ನು ಬರೆಯುತ್ತಿಲ್ಲ. 1960ರಲ್ಲಿ ನಾಡಿಗೆ ಬೆಳಕು ಬೇಕಿತ್ತು, ಕಾರ್ಖಾನೆಗೆ ವಿದ್ಯುತ್ತು ಬೇಕಿತ್ತು. ಅಪ್ಪಯ್ಯ ಕೂಡ "ಹತ್ತು ಜನಕ್ಕೆ ಒಳ್ಳೆಯದಾಗುತ್ತದಂತೆ" ಎಂದೇ ಚೌಕಟ್ಟು ಕಿತ್ತರು. ಅಲ್ಲಿ ಮುಳುಗಬೇಕಿದ್ದದ್ದು ಕಾಡು, ದಡ. ಇಲ್ಲಿ ಮುಳುಗಿದ್ದು ಮನೆ, ಗದ್ದೆ, ತೋಟ, ದೇವಸ್ಥಾನ, ಸುಡುಗಾಡು. ಮಾನಪೌರಿ ಇಡಿಯಾಗಿ ಸುಮಾರು 142 ಚದರ ಕಿ.ಮೀ.; ನಮ್ಮ ಹಿನ್ನೀರು ಸುಮಾರು 300. ಅಲ್ಲಿ ಉಳಿದದ್ದರ ಕಥೆಯನ್ನು ಪ್ರತಿದಿನ ಬೋಟಿನಲ್ಲಿ ಹೇಳುತ್ತಾರೆ. ಇಲ್ಲಿ ಹೋದದ್ದರ ಕಥೆಯನ್ನು ಯಾರೂ ಹೇಳುವುದಿಲ್ಲ. ನನ್ನ ಸಂಕಟ ಅದು. ಮುಳುಗಡೆಯ ಮಕ್ಕಳು ಮೊಮ್ಮಕ್ಕಳಲ್ಲಿ ಎಷ್ಟೋ ಮಂದಿ ಇಂದಿಗೂ ಭೂಮಿಯ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಈಗ ತಳಕಳಲೆ–ಗೇರುಸೊಪ್ಪೆಯ ನಡುವೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್, ಅಂದರೆ ಕೆಳಗಿನ ನೀರನ್ನು ಮೇಲಕ್ಕೆತ್ತಿ ಮತ್ತೆ ಇಳಿಸಿ ವಿದ್ಯುತ್ತು ತೆಗೆಯುವ ಯೋಜನೆಯ ಮಾತು ನಡೆದಿರುವಾಗಲೂ, ಹಿಂದಿನ ಸಲ ಏನಾಯಿತು ಎಂದು ಕೇಳಿದರೆ ಉತ್ತರಿಸುವ ಒಂದು ಬೋರ್ಡಾದರೂ ಹೊಳೆದಡದಲ್ಲಿ ನನಗೆ ಕಂಡಿಲ್ಲ.

ಬೋಟು ಹಾಲ್ ಆರ್ಮ್ ಎಂಬ ಒಳಕವಲಿಗೆ ಬಂದಿತು. ಅಲ್ಲಿ ಆಕೆ ಹೇಳಿದಳು: ಈಗ ಎಂಜಿನ್ ನಿಲ್ಲಿಸುತ್ತೇವೆ, ಯಾರೂ ಮಾತಾಡಬೇಡಿ, ನಡೆದಾಡಬೇಡಿ, ಫೋಟೋ ಬೇಡ. ಎಂಜಿನ್ ನಿಂತಿತು. ಒಳಗಿನ ಜನರೇಟರ್ ಕೂಡ ನಿಂತಿತು. ಮೊದಲು ಕಿವಿಯೊಳಗೆ ಒಂದು ಗುಂಯ್ ಮಾತ್ರ ಉಳಿಯಿತು, ಬೆಳಗಿನಿಂದ ಕೇಳಿದ ಎಂಜಿನ್ನಿನ ಶಬ್ದದ್ದು. ಅದೂ ಆರಿತು. ಆಮೇಲೆ ದೂರದ ಜಲಧಾರೆಗಳು ಒಂದೊಂದಾಗಿ ಕೇಳಿಸತೊಡಗಿದವು, ಎಡಗಡೆಯದು ತೆಳು, ಹಿಂದಿನದು ದಪ್ಪ. ಕಂಬಿಯಿಂದ ಮಳೆನೀರು ಮರದ ಹಲಗೆಗೆ ತೊಟ್ಟಿಕ್ಕುವುದು. ಪಕ್ಕದ ಮಗುವಿನ ರೈನ್‌ಕೋಟು ಸರಕ್ಕೆಂದದ್ದು. ಕಾಡಿನಲ್ಲೆಲ್ಲೋ ಒಂದು ಹಕ್ಕಿ ಎರಡು ಸಲ ಕೂಗಿ ಸುಮ್ಮನಾಯಿತು. ನಾನು ಕಂಬಿ ಹಿಡಿದು ಆ ಕಷಾಯದ ನೀರನ್ನೇ ನೋಡುತ್ತಿದ್ದೆ. ಯಾಕೋ ಗೊತ್ತಿಲ್ಲ, ಬಾಯಿಯೊಳಗೇ ಎಣಿಸತೊಡಗಿದೆ: ಮೇಲಿನಮನೆ, ಹಳೆಮನೆ, ಶಾನುಭೋಗರ ಮನೆ, ಆಚಾರ್ರ ಮನೆ, ಕಟ್ಟೆಮನೆ, ಹೊಳೆಮನೆ, ಅಜ್ಜಿಯೊಬ್ಬರೇ ಇದ್ದ ಬಿಡಾರ, ನಮ್ಮದು. ಎಂಟೂ ಸಿಕ್ಕಿದವು. ಅರವತ್ತು ವರ್ಷದಲ್ಲಿ ನಾನು ಅವನ್ನು ಒಟ್ಟಿಗೆ ಎಣಿಸಿರಲಿಲ್ಲ. ಮಗಳು ನನ್ನ ಕೈ ಹಿಡಿದಳು. ಅವಳಿಗೆ ಆ ಊರಿನ ಬಗ್ಗೆ ನಾನು ಯಾವತ್ತೂ ಸರಿಯಾಗಿ ಹೇಳಿಲ್ಲ ಎಂಬುದು ಆಗ ನನಗೆ ಹೊಳೆಯಿತು.

ಊರಿಗೆ ಬಂದ ಮೇಲೆ, ಏಪ್ರಿಲಿನಲ್ಲಿ, ಮಗಳು ರಜೆಗೆ ಬಂದಾಗ ಹಿನ್ನೀರಿನಲ್ಲಿ ಬಾಡಿಗೆಯ ಬೋಟಿನಲ್ಲಿ ಹೋದೆವು. ಯಾರ ಬೋಟು, ಎಲ್ಲಿಯದು ಎಂದು ಬರೆಯುವುದಿಲ್ಲ, ಹೆಸರು ಹೇಳಿ ಒಬ್ಬರ ಹೊಟ್ಟೆಯ ಮೇಲೆ ಹೊಡೆಯುವುದು ನನ್ನ ಉದ್ದೇಶವಲ್ಲ. ಹತ್ತಿದ ಕೂಡಲೇ ಸ್ಪೀಕರ್ ಹಾಕಿದರು. ಇಳಿಯುವವರೆಗೂ ಅದೇ ಅಬ್ಬರ. ಲೈಫ್ ಜಾಕೆಟ್ಟುಗಳು ಹಿಂಬದಿಯಲ್ಲಿ ಒಂದೇ ಹಗ್ಗದಲ್ಲಿ ಹೂವಿನ ಕಂತೆಯಂತೆ ಬಿಗಿದು ಕಟ್ಟಿದ್ದವು. ಕೇಳಿದ್ದಕ್ಕೆ, "ಬೇಕಾದಾಗ ಬಿಚ್ಚುತ್ತೇವೆ ಅಮ್ಮ" ಎಂದ ಹುಡುಗ. ಬಿಚ್ಚಿಸಿ ಹಾಕಿಕೊಂಡೆವು, ನನ್ನದರ ಬಕಲ್ಲು ಮುರಿದಿತ್ತು. ನೀರು ಇಳಿದಿದ್ದರಿಂದ ಅಲ್ಲಲ್ಲಿ ಹಳೆಯ ಮರದ ಕಪ್ಪು ಬೊಡ್ಡೆಗಳು ತಲೆ ಹೊರಹಾಕಿದ್ದವು. ಒಬ್ಬ ಪ್ರವಾಸಿ ಅವುಗಳನ್ನು ತೋರಿಸಿ ಏನದು ಎಂದು ಕೇಳಿದ. ಹುಡುಗ, "ಮೊದಲು ಕಾಡಿತ್ತಂತೆ ಸಾರ್" ಎಂದ. ಆ ಹುಡುಗನನ್ನು ನಾನು ಬೈಯುವುದಿಲ್ಲ. ಅವನಿಗೆ ಯಾರೂ ಕಲಿಸಿಲ್ಲ. ಕಲಿಸಬೇಕಾಗಿದ್ದ ಟೀಚರು ನಾನು, ನಾರ್ವೆ ತೋರಿಸುತ್ತ ನಿಂತಿದ್ದೆ.

ಹಾಗಾಗಿ ಜಿಲ್ಲಾಡಳಿತಕ್ಕೆ, ಪ್ರವಾಸೋದ್ಯಮ ಮತ್ತು ಒಳನಾಡು ಜಲಸಾರಿಗೆ ನೋಡಿಕೊಳ್ಳುವವರಿಗೆ ನನ್ನ ಕೋರಿಕೆ. ಹೊಳೆಬಾಗಿಲು, ಹಸಿರುಮಕ್ಕಿ, ಮುಪ್ಪಾನೆ, ಈ ಕಡವುಗಳಲ್ಲಿ ದುಡಿದ ಲಾಂಚಿನವರಿಗೆ ಈ ನೀರು ಅಂಗೈಯ ಗೆರೆ ಇದ್ದಂತೆ. ಎಲ್ಲಿ ಬೊಡ್ಡೆ ಇದೆ, ಎಲ್ಲಿ ಗಾಳಿ ತಿರುಗುತ್ತದೆ, ಯಾವ ಮಟ್ಟಕ್ಕೆ ಯಾವ ದಾರಿ, ಎಲ್ಲ ಬಲ್ಲರು. ವಿಹಾರದ ಬೋಟು ಬರುವುದಾದರೆ ಅದರ ಚುಕ್ಕಾಣಿ ಅವರ ಕೈಯಲ್ಲಿರಲಿ. ಅರ್ಧ ದಿನದ ಒಂದು ಪ್ರಯಾಣ ಸಾಕು, ಜನರ ಲೆಕ್ಕ ಬರೆದಿಟ್ಟು, ಜಾಕೆಟ್ಟು ತೊಡಿಸಿ. ಕಾಡಂಚಿನಲ್ಲಿ ಅಭಯಾರಣ್ಯ ಇರುವುದರಿಂದ ಬೋಟು ದಡಕ್ಕೆ ತಾಗದಿರಲಿ. ಸಿಂಗಳೀಕ ಕಂಡರೆ ಕಾಣಲಿ, ಹುಡುಕಿಕೊಂಡು ಹೋಗುವುದು ಬೇಡ. ಸ್ಪೀಕರ್ ಬೇಡವೇ ಬೇಡ, ಒಂದು ಮೈಕ್ ಇರಲಿ. ಆ ಮೈಕನ್ನು ಮುಳುಗಡೆ ಕುಟುಂಬದ ಒಬ್ಬ ಹುಡುಗ ಅಥವಾ ಹುಡುಗಿಗೆ ಕೊಡಿ, ತರಬೇತಿ ಕೊಡಿ, ಸಂಬಳ ಕೊಡಿ. 1948ರಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು, ಅದೇ ಮಡೆನೂರು ಡ್ಯಾಂ, ಲಿಂಗನಮಕ್ಕಿಯ ನೀರಿನಡಿ ಮುಳುಗಿ ಈಗಲೂ ಬಿರುಬೇಸಿಗೆಯಲ್ಲಿ ಎದ್ದು ಕಾಣುತ್ತದೆ. ಒಂದು ಅಣೆಕಟ್ಟನ್ನು ಇನ್ನೊಂದು ಮುಳುಗಿಸಿದ್ದು ನೋಡಬೇಕೆಂದರೆ ಜನ ಎಲ್ಲಿಂದ ಬೇಕಾದರೂ ಬರುತ್ತಾರೆ. ಅದರ ಕಥೆ ಹೇಳಲಿ. ಹೊಳೆದಡದ ಅಪ್ಪೆಮಿಡಿಗಳ ಬಗ್ಗೆ ಹೇಳಲಿ. ಲಾಂಚಿನಲ್ಲೇ ಹೆರಿಗೆಯಾದವರ, ನೀರು ಇಳಿದು ಲಾಂಚಿಗೆ ವಾಹನ ಹತ್ತಿಸದೆ ನಿಲ್ಲಿಸಿದಾಗ ದಡದಲ್ಲಿ ರಾತ್ರಿ ಕಳೆದವರ ಮಾತು ಹೇಳಲಿ. ಊರುಗಳ ಹೆಸರನ್ನು ಹಳೆಯ ಕಂದಾಯ ದಾಖಲೆಯಿಂದ ತೆಗೆದು, ಒಂದು ಹಲಗೆಯ ಮೇಲೆ ಬರೆಸಿ ಬೋಟಿನೊಳಗೆ ತೂಗುಹಾಕಲಿ. ದೊಡ್ಡ ಊರಿನ ಜತೆ ಎಂಟು ಮನೆಯ ಕೇರಿಯ ಹೆಸರೂ ಅಲ್ಲಿರಲಿ.

ಮತ್ತೆ, ಹಿನ್ನೀರಿನ ನಡುವೆ ಐದು ನಿಮಿಷ ಎಂಜಿನ್ ನಿಲ್ಲಿಸಲಿ. ಇದಕ್ಕೆ ದುಡ್ಡು ಬೇಡ, ಟೆಂಡರ್ ಬೇಡ.

ಇದನ್ನು ತಡಮಾಡಬೇಡಿ ಎನ್ನುವುದಕ್ಕೆ ಕಾರಣ ಇದೆ. ಮುಳುಗಡೆಯನ್ನು ದೊಡ್ಡವರಾಗಿ ಕಂಡವರು ಈಗ ಬೆರಳೆಣಿಕೆಯಷ್ಟು. ನನ್ನ ಅಣ್ಣನಿಗೆ 81. ಕಣ್ಣು ಮಂದ, ಆದರೆ ನೆನಪು ಚುರುಕು. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1,819 ಅಡಿ, ಇಂದಿನ ಮಟ್ಟ ಇಷ್ಟು ಎಂದು ಮಳೆಗಾಲದಲ್ಲಿ ನೀವು ಪ್ರಕಟಿಸುವ ಅಂಕಿಯನ್ನು ಅವನು ಪ್ರತಿದಿನ ಬೆಳಿಗ್ಗೆ ಯಾರಿಂದಲಾದರೂ ಓದಿಸಿಕೊಳ್ಳುತ್ತಾನೆ. ಕೇಳಿಸಿಕೊಂಡು, "ಇವತ್ತು ಗದ್ದೆಬಯಲು ಹೋಯಿತು," "ಇವತ್ತು ಭೂತಪ್ಪನ ಕಟ್ಟೆಗೆ ಬಂತು," "ನಾಳೆ ನಮ್ಮ ಮೆಟ್ಟಿಲು" ಎನ್ನುತ್ತಾನೆ. ಅರವತ್ತು ವರ್ಷದಿಂದ ಪ್ರತಿ ಮಳೆಗಾಲ ಅವನ ಪಾಲಿಗೆ ಊರು ಹೊಸದಾಗಿ ಮುಳುಗುತ್ತದೆ. ಅವನು ಎದುರಿನ ಗುಡ್ಡದ ಸಾಲು ನೋಡಿ ಗುರುತು ಹಿಡಿದು, ನೀರಿನಲ್ಲಿ ನಮ್ಮ ಮನೆ ಎಲ್ಲಿತ್ತು ಎಂದು ಹತ್ತು ಮಾರಿನೊಳಗೆ ತೋರಿಸಬಲ್ಲ. ಅಧಿಕಾರಿಗಳು ಯಾರಾದರೂ ಬರುವುದಾದರೆ ನಾವಿಬ್ಬರೂ ಹೊಳೆಬಾಗಿಲಿಗೆ ಬರಲು ಸಿದ್ಧ. ಮಟ್ಟ 1,810 ಅಡಿ ದಾಟಿದ ಮೇಲೆ ಕರೆಯಲಿ, ಆಗ ಬೋಟನ್ನು ನೇರ ನಮ್ಮ ಅಂಗಳದ ಮೇಲೇ ನಿಲ್ಲಿಸಬಹುದು ಎಂದು ನಿಮಗೆ ಬರೆಯಲು ಹೇಳಿದ್ದಾನೆ.

ಇಂತಿ,
ನಿವೃತ್ತ ಶಿಕ್ಷಕಿ, ಸಾಗರ, ಶಿವಮೊಗ್ಗ ಜಿಲ್ಲೆ